ಬೋಟಿಂಗ್ ಕೆರೆಯ ಕಟ್ಟ: ಕಾಸರಗೋಡಿನ ಒಂದು ಖಾಸಗಿ ಮಣ್ಣಿನ ಅಣೆಕಟ್ಟೆಯ ಪ್ರಕರಣ

ಪೆರ್ಲ ಮತ್ತು ಬದಿಯಡ್ಕದ ನಡುವಿನ ಗುಡ್ಡೆಗಳಲ್ಲಿ ಒಂದು ಖಾಸಗಿ ಕೆರೆ ಇದೆ. ಅಡಿಕೆ ಕೃಷಿಕರೊಬ್ಬರು ತಮ್ಮ ಜಾಗದೊಳಗೆ ಹರಿಯುವ ತೋಡಿಗೆ ಅಡ್ಡಲಾಗಿ ಮಣ್ಣಿನ ಕಟ್ಟ ಹಾಕಿ ಮಾಡಿಸಿದ್ದು. ಮೊದಲು ತೋಟಕ್ಕೆ ನೀರಿರಲಿ ಎಂದು ಶುರುವಾಯಿತು. ಆಮೇಲೆ ಹೋಂಸ್ಟೇ ಬಂತು, ಎರಡು ಪೆಡಲ್ ಬೋಟ್ ಬಂದವು, ಗಾಳ ಹಾಕಿ ಮೀನು ಹಿಡಿಯುವ ಜಾಗ ಆಯಿತು. ಈಗ ನೀರಾವರಿ ನೆಪಕ್ಕೆ ಮಾತ್ರ, ಕೆರೆ ಇರುವುದು ಬಂದವರ ಖುಷಿಗೆ. ಜಾಗದ ಗುರುತು, ಮಾಲೀಕರ ಹೆಸರು ಇಲ್ಲಿ ಬೇಡ. ಸಣ್ಣ ನೀರಾವರಿ ಕೆಲಸದ ಅನುಭವ ಇದೆ ಎಂದು ನನ್ನನ್ನು ಕರೆದು ಅವರು ಕೇಳಿದ್ದು ಒಂದೇ ಪ್ರಶ್ನೆ: "ಕಟ್ಟ ಗಟ್ಟಿ ಇದೆಯಾ?"

ಹೆಚ್ಚಿನವರು ಕೇಳುವುದು ಇದನ್ನೇ. ಆದರೆ ಮಣ್ಣಿನ ಕಟ್ಟದ ವಿಷಯದಲ್ಲಿ ಇದು ಅರ್ಧ ಪ್ರಶ್ನೆ. ನೀರಿನ ಭಾರಕ್ಕೆ ಇಡೀ ಕಟ್ಟವೇ ಜಾರಿ ಹೋಗುವುದು ಅಪರೂಪ. ಹೆಚ್ಚಿನವು ಒಡೆಯುವುದು ಎರಡು ರೀತಿಯಲ್ಲಿ. ಒಂದು, ನೀರು ಕಟ್ಟದ ಮೇಲಿನಿಂದ ಹರಿದು ಹಿಂಬದಿಯನ್ನು ಕೊರೆಯುವುದು. ಇನ್ನೊಂದು, ಒಳಗೊಳಗೇ ದಾರಿ ಮಾಡಿಕೊಂಡು ಮಣ್ಣನ್ನು ಸ್ವಲ್ಪಸ್ವಲ್ಪವೇ ಹೊತ್ತೊಯ್ಯುವುದು. ನೀರು ಎಲ್ಲಿಂದ ಹೊರಗೆ ಹೋಗುತ್ತಿದೆ, ಎಲ್ಲಿಂದ ಹೋಗಬೇಕಿತ್ತು ಎನ್ನುವುದೇ ಕೇಳಬೇಕಾದ ಪ್ರಶ್ನೆ.

ಮೊದಲು ಕಟ್ಟದ ಲೆಕ್ಕ ನೋಡೋಣ. ಉದ್ದ 62 ಮೀಟರ್, ತೋಡಿನ ತಳದಿಂದ ಎತ್ತರ 5.5 ಮೀಟರ್. ಕೆರೆ ತುಂಬಿದಾಗ ನೀರು ಹರಡುವುದು ಸುಮಾರು ಒಂದು ಎಕರೆ, ಅಂದರೆ 4,000 ಚದರ ಮೀಟರ್. ಕಟ್ಟದ ಬುಡದಲ್ಲಿ ಆಳ 4.5 ಮೀಟರ್. ಇಂಥ ಕಣಿವೆ ಕೆರೆಗಳಿಗೆ ವಿಸ್ತಾರವನ್ನು ಆಳದಿಂದ ಗುಣಿಸಿ 0.4ರಿಂದ ಮತ್ತೆ ಗುಣಿಸಿದರೆ ಅಂದಾಜು ಸಂಗ್ರಹ ಸಿಗುತ್ತದೆ. ಇಲ್ಲಿ ಅದು 7,200 ಘನ ಮೀಟರ್, ಅಂದರೆ 72 ಲಕ್ಷ ಲೀಟರ್. ದೊಡ್ಡ ಅಣೆಕಟ್ಟೆಗಳ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಕಟ್ಟ ಒಡೆದರೆ ಏನಾಗುತ್ತದೆ ಎಂದು ಬಳಕೆಯಲ್ಲಿರುವ ಒಂದು ಸೂತ್ರದಲ್ಲಿ ಹಾಕಿ ನೋಡಿದೆ. ಹೆಚ್ಚೆಂದರೆ ಸೆಕೆಂಡಿಗೆ 50 ಘನ ಮೀಟರಿನಷ್ಟು ಹರಿವು ಬಂತು. ಕೆರೆ ಕೆಲವೇ ನಿಮಿಷಗಳಲ್ಲಿ ಖಾಲಿ. ಕೆಳಗೆ ಅಡಿಕೆ ತೋಟ, ತೋಡಿನ ಬದಿಯಲ್ಲೇ ಮೂರು ಮನೆ, ಅದರಾಚೆ ಪಂಚಾಯತು ರಸ್ತೆಯ ಮೋರಿ. ಮೋರಿಯಲ್ಲಿರುವುದು 90 ಸೆಂ.ಮೀ.ನ ಒಂದೇ ಪೈಪು. ರಾತ್ರಿ ಹೊತ್ತು ಒಡೆದರೆ ಆ ಮೂರು ಮನೆಯವರಿಗೆ ಎದ್ದು ಓಡುವಷ್ಟೂ ಸಮಯ ಸಿಗುವುದಿಲ್ಲ.

ನಮ್ಮ ಕಡೆ ಕಟ್ಟ ಹಾಕುವುದು ಹೊಸತಲ್ಲ. ಏತಡ್ಕದಂಥ ಊರುಗಳಲ್ಲಿ ಮಳೆ ನಿಂತ ಮೇಲೆ ಕಲ್ಲು, ಮಣ್ಣು ಹಾಕಿ ತೋಡು ಕಟ್ಟುವ ಪದ್ಧತಿ ಹಿಂದಿನಿಂದಲೂ ಇದೆ. ಆದರೆ ಆ ಕಟ್ಟ ಮಳೆಗಾಲಕ್ಕೆ ಇರುವುದೇ ಇಲ್ಲ. ಬಿಡಿಸುತ್ತಾರೆ, ಇಲ್ಲವೇ ಮೊದಲ ನೆರೆ ಕೊಚ್ಚಿಕೊಂಡು ಹೋಗುತ್ತದೆ. ನೆರೆಯ ಎದುರು ನಿಲ್ಲಬೇಕಾದ ಕೆಲಸ ಅದಕ್ಕಿಲ್ಲ. ಗುಡ್ಡೆಯ ಮಳೆನೀರು ನಿಲ್ಲುವ ಹಳೆಯ ಕೆರೆಗಳಾದ ಮದಕಗಳ ಕಥೆಯೂ ಬೇರೆ. ಬೇಸಿಗೆಯಲ್ಲಿ ಬತ್ತುತ್ತವೆ, ತಳ ಕಾಣುತ್ತದೆ, ಬಿರುಕು ಬಿಟ್ಟಿದೆಯೋ ಬಿಲ ಬಿದ್ದಿದೆಯೋ ಯಾರಾದರೂ ನೋಡುತ್ತಾರೆ. ಬೋಟಿಂಗ್ ಕೆರೆ ಹಾಗಲ್ಲ. ಬೋಟ್ ತೇಲಬೇಕು, ಫೋಟೋ ಚಂದ ಬರಬೇಕು ಎಂದರೆ ವರ್ಷಪೂರ್ತಿ ತುಂಬಿಯೇ ಇರಬೇಕು. ಈ ಕೆರೆಯ ತಳವನ್ನು 2017ರ ಬೇಸಿಗೆಯಲ್ಲಿ ಕಟ್ಟ ಹಾಕಿದ ಮೇಲೆ ಯಾರೂ ನೋಡಿಯೇ ಇರಲಿಲ್ಲ. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ, ಅದರಲ್ಲೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವಲ್ಲಿ, ತುಂಬಿದ ಕೆರೆಯೊಂದಿಗೆ ಮಳೆಗಾಲಕ್ಕೆ ಕಾಲಿಡುವುದೆಂದರೆ ಸಣ್ಣ ಧೈರ್ಯ ಅಲ್ಲ.

ಸಂಶಯ ಹುಟ್ಟಿದ್ದು ಹಿಂದಿನ ಮಳೆಗಾಲದಲ್ಲಿ. ಒಂದು ರಾತ್ರಿ ಜೋರು ಮಳೆಗೆ ನೀರು ಕಟ್ಟದ ನಡುಭಾಗದಲ್ಲಿ ಒಂದು ಗೇಣು ಉಳಿಯುವವರೆಗೆ ಏರಿತ್ತು. ಮಾಲೀಕರು ಟಾರ್ಚ್ ಹಿಡಿದು ಹೋಗಿ ನೋಡಿದರೆ ಕೋಡಿಯ ಪೈಪುಗಳ ಬಾಯಿಗೆ ರಬ್ಬರ್ ಎಲೆ, ಅಡಿಕೆ ಸೋಗೆ ತುಂಬಿಕೊಂಡಿದೆ. ಮೀನು ಹೊರಗೆ ಹೋಗದಿರಲಿ ಎಂದು ಅಲ್ಲಿ ಕಬ್ಬಿಣದ ಬಲೆ ಹಾಕಿದ್ದರು. ಮತ್ತೆ ಅಕ್ಟೋಬರ್‌ನಲ್ಲಿ ಕೆಳಗಿನ ಮನೆಯವರು ಬಂದು ತೋಟದ ಮೂಲೆಯಲ್ಲಿ ಕೆಂಪು ನೀರು ಬರುತ್ತಿದೆ ಎಂದರು. ಮೊದಲನೆಯದು ಮೇಲಿನ ದಾರಿಯ ತೊಂದರೆ, ಎರಡನೆಯದು ಒಳಗಿನ ದಾರಿಯದ್ದು. ಒಂದೇ ಕಟ್ಟದಲ್ಲಿ ಎರಡೂ!

ಕೋಡಿಯ ಲೆಕ್ಕ ಸುಲಭ. ಕೆರೆಗೆ ನೀರು ಬರುವ ಗುಡ್ಡೆ ಸುಮಾರು 12 ಹೆಕ್ಟೇರ್. ಅರ್ಧ ರಬ್ಬರ್, ಉಳಿದದ್ದು ಬರೀ ಪಾರೆ (ಬಂಡೆಹಾಸು). ಬಿದ್ದ ಮಳೆಯಲ್ಲಿ ನೂರಕ್ಕೆ ಎಪ್ಪತ್ತು ಪಾಲು ಹರಿದು ಬರುತ್ತದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 100 ಮಿ.ಮೀ. ರಭಸದ ಮಳೆ ಅರ್ಧ ಗಂಟೆ ಹೊಡೆದರೆ ಸೆಕೆಂಡಿಗೆ 2.3 ಘನ ಮೀಟರ್ ನೀರು ಕೆರೆಗೆ ಬರುತ್ತದೆ. ಹೊರಗೆ ಹೋಗಲು ಇದ್ದದ್ದು 45 ಸೆಂ.ಮೀ.ನ ಎರಡು ಪೈಪು. ಬಲೆ ಇಲ್ಲದಿದ್ದರೂ, ನೀರು ಕಟ್ಟದ ಅಂಚು ಮುಟ್ಟುವ ಹೊತ್ತಿಗೆ ಎರಡೂ ಸೇರಿ ಬಿಡುವುದು 0.6 ಘನ ಮೀಟರ್. ಬಂದದ್ದರಲ್ಲಿ ಕಾಲು ಪಾಲು ಹೊರಗೆ, ಮುಕ್ಕಾಲು ಪಾಲು ಒಳಗೆ.

ಇನ್ನು ಕಟ್ಟದ ಮೇಲ್ಭಾಗ. ಪೈಪಿನ ತಳದಿಂದ ಒಂದು ಮೀಟರ್ ಎತ್ತರ ಇಟ್ಟಿದ್ದೇವೆ ಎಂದು ಜೇಸಿಬಿಯವರು ಹೇಳಿದ್ದರಂತೆ. ಗಾರೆಯವರ ಟ್ಯೂಬ್ ಲೆವೆಲ್ ಹಿಡಿದು ನೋಡಿದರೆ ಎರಡೂ ತುದಿಯಲ್ಲಿ ಅಷ್ಟೇ ಇದೆ, ನಡುವೆ 75 ಸೆಂ.ಮೀ. ಮಾತ್ರ. 25 ಸೆಂ.ಮೀ. ಕುಸಿದಿದೆ. ಆಶ್ಚರ್ಯ ಏನಿಲ್ಲ. ಮಣ್ಣನ್ನು 15-20 ಸೆಂ.ಮೀ. ಪದರ ಹಾಕಿ, ಹದವಾಗಿ ನೀರು ಚಿಮುಕಿಸಿ, ರೋಲರ್ ಓಡಿಸಬೇಕಿತ್ತು. ಇಲ್ಲಿ ಲೋಡುಗಟ್ಟಲೆ ಸುರಿದು ಜೇಸಿಬಿಯ ಚಕ್ರದಲ್ಲೇ ತುಳಿದದ್ದು. ಕಟ್ಟ ಹೆಚ್ಚು ಎತ್ತರ ಇರುವ ನಡುಭಾಗದಲ್ಲೇ ಕುಸಿತವೂ ಜಾಸ್ತಿ. ನೀರು ಮೇಲಿನಿಂದ ಹರಿದರೆ ಮೊದಲು ಹರಿಯುವುದು ಅಲ್ಲೇ, ಒಡೆದರೆ ಹೆಚ್ಚು ಹಾನಿಯಾಗುವ ಜಾಗದಲ್ಲೇ. ಆ 75 ಸೆಂ.ಮೀ. ತುಂಬಲು ಅರ್ಧ ಗಂಟೆ ಬೇಡ. ನಮ್ಮಲ್ಲಿ ಇಂಥ ಮಳೆ ಬರುವುದು ರಾತ್ರಿಯೇ ಹೆಚ್ಚು, ಅಲ್ವಾ?

"ಇಷ್ಟು ವರ್ಷ ಏನೂ ಆಗಿಲ್ಲವಲ್ಲ" ಎಂದರು ಮಾಲೀಕರು. ಅವರಿಗೆ ಅಮೆರಿಕದ ಸೌತ್ ಫೋರ್ಕ್ ಕಟ್ಟದ ಕಥೆ ಹೇಳಿದೆ. ಅದನ್ನು ಕಟ್ಟಿದ್ದು ಪೆನ್ಸಿಲ್ವೇನಿಯಾ ರಾಜ್ಯ, ಕಾಲುವೆಗೆ ನೀರು ಕೊಡಲು. ರೈಲು ಬಂದ ಮೇಲೆ ಕಾಲುವೆ ಬೇಡವಾಯಿತು, ಕಟ್ಟ ಕೈಯಿಂದ ಕೈಗೆ ಹೋಗಿ ಕೊನೆಗೆ ಶ್ರೀಮಂತರ ಮೀನು ಹಿಡಿಯುವ, ಬೇಟೆಯಾಡುವ ಕ್ಲಬ್ಬಿಗೆ ಬಂತು. ಕೆಳಗಿನ ತೂಬಿನ ಕಬ್ಬಿಣದ ಪೈಪುಗಳನ್ನು ಹಿಂದಿನ ಮಾಲೀಕನೊಬ್ಬ ಕಿತ್ತು ಗುಜರಿಗೆ ಮಾರಿದ್ದ. ಕ್ಲಬ್ಬಿನವರು ಹೊಸತು ಹಾಕಲಿಲ್ಲ. ಗಾಡಿ ಹೋಗಲಿ ಎಂದು ಕಟ್ಟದ ತಲೆಯನ್ನು ತಗ್ಗಿಸಿ ಅಗಲ ಮಾಡಿದರು. ನಡುಭಾಗ ಸ್ವಲ್ಪ ಕುಸಿದಿತ್ತು. ಮೀನು ಹೋಗದಂತೆ ಕೋಡಿಗೆ ಬಲೆ ಹಾಕಿದರು. 1889ರ ಮೇ 31ರಂದು ದೊಡ್ಡ ಮಳೆಗೆ ಬಲೆಗೆ ಕಸಕಡ್ಡಿ ಸಿಕ್ಕಿಕೊಂಡಿತು, ನೀರು ಕಟ್ಟದ ಮೇಲೆ ಹರಿಯಿತು. ಕೆಳಗಿನ ಜಾನ್ಸ್‌ಟೌನ್‌ನಲ್ಲಿ 2,200ಕ್ಕೂ ಹೆಚ್ಚು ಜನ ಸತ್ತರು. ಅದು 22 ಮೀಟರ್ ಎತ್ತರದ ಕಟ್ಟ, ಇದರೊಂದಿಗೆ ಅಳತೆಯಲ್ಲಿ ಹೋಲಿಕೆಯೇ ಇಲ್ಲ. ಆದರೆ ಕುಸಿದ ನಡು, ಕೋಡಿಯ ಮೀನಿನ ಬಲೆ, ಕೆಲಸಕ್ಕೆ ಬಾರದ ತೂಬು, ಮೂರೂ ಇಲ್ಲೂ ಇವೆ. ಮಾಲೀಕರು ಮರುಮಾತಾಡಲಿಲ್ಲ. ಸಂಜೆಯೊಳಗೆ ಬಲೆ ತೆಗೆಸಿದರು.

ತೂಬಿನ ವಿಷಯ ಹೇಳಬೇಕು. ಕಟ್ಟದ ಬುಡದಲ್ಲಿ 160 ಮಿ.ಮೀ.ನ ಪಿವಿಸಿ ಪೈಪು ಹಾಕಿದ್ದಾರೆ, ವಾಲ್ವ್ ಇರುವುದು ಹೊರಬದಿಯಲ್ಲಿ. ಹೊರಗಿದ್ದರೆ ತಿರುಗಿಸಲು ಸುಲಭ, ನಿಜ. ಆದರೆ ವಾಲ್ವ್ ಮುಚ್ಚಿದಾಗ ಕಟ್ಟದೊಳಗಿನ ಪೈಪಿನ ಉದ್ದಕ್ಕೂ ಕೆರೆಯ ಪೂರ್ತಿ ಒತ್ತಡ ಇರುತ್ತದೆ. ಒಂದು ಜಾಯಿಂಟ್ ಬಿಟ್ಟರೂ ನೀರು ನೇರ ಕಟ್ಟದ ಹೊಟ್ಟೆಗೆ. ವಾಲ್ವ್ ಕೆರೆಯ ಒಳಬದಿಯಲ್ಲಿದ್ದರೆ ಮುಚ್ಚಿದಾಗ ಪೈಪು ಖಾಲಿ ಇರುತ್ತಿತ್ತು. ಸಾಲದ್ದಕ್ಕೆ ಈ ವಾಲ್ವ್ ತುಕ್ಕು ಹಿಡಿದು ತಿರುಗುವುದಿಲ್ಲ. ಪೈಪಿನ ಸುತ್ತ ಮಣ್ಣು ತುಳಿಯುವುದೂ ಕಷ್ಟ, ಅದರ ಅಡಿಯಲ್ಲಿ ಯಾವಾಗಲೂ ಸಡಿಲು ಉಳಿದುಬಿಡುತ್ತದೆ. ಹೊರಬದಿಯಲ್ಲಿ ಪೈಪಿನ ಸುತ್ತ ಒದ್ದೆ ಇತ್ತು. ಹರಿವು ಕಾಣುತ್ತಿರಲಿಲ್ಲ.

ಕೆಂಪು ನೀರು ಬರುತ್ತಿದ್ದದ್ದು ಅಲ್ಲಿಂದ ಅಲ್ಲ. ಬಲಬದಿಯ ಗುಡ್ಡೆಯಿಂದ, ಕಟ್ಟದ ತುದಿಯಿಂದ ಸುಮಾರು 20 ಮೀಟರ್ ಕೆಳಗೆ, ಜರಿದ ಮಣ್ಣಿನೊಳಗಿಂದ. ಎಲ್ಲರೂ ಅದನ್ನು ಒರತೆ ಎಂದುಕೊಂಡಿದ್ದರು. ತೋಟದ ಕೆಲಸಕ್ಕೆ ಬರುವ, ಹಿಂದೆ ಬಾವಿ ತೋಡುತ್ತಿದ್ದ ಹಿರಿಯರೊಬ್ಬರು ಬಂದು ನೋಡಿದರು. "ಅಣ್ಣ, ಇದು ಒರತೆ ಅಲ್ಲ. ನಿಮ್ಮ ಅಜ್ಜನ ಕಾಲದ ಸುರಂಗ. ಬಾಯಿ ಜರಿದು ಮುಚ್ಚಿದ್ದು. ಒಳಗೆ ಹೋಗಿ ಬಲಕ್ಕೆ ತಿರುಗುತ್ತದೆ" ಎಂದರು. ಬಲಕ್ಕೆ ಎಂದರೆ ಕೆರೆಯ ಕಡೆಗೇ.

ಕಾಸರಗೋಡಿನ ಗುಡ್ಡೆಗಳನ್ನು ಬಲ್ಲವರಿಗೆ ಇದರ ಅರ್ಥ ತಕ್ಷಣ ಆಗುತ್ತದೆ. ಮೇಲೆ ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ), ಅದರ ಅಡಿಯಲ್ಲಿ ಶೇಡಿ ಎಂಬ ಮೆತ್ತನೆಯ ಜೇಡಿಮಣ್ಣು. ಮುರಕಲ್ಲಿನ ಸಂದುಗಳಲ್ಲಿ ಇಳಿದ ನೀರು ಶೇಡಿಯ ಮೇಲೆ ನಿಂತು ಅಡ್ಡಕ್ಕೆ ಹರಿಯುತ್ತದೆ. ಅದನ್ನು ಹಿಡಿಯಲೆಂದೇ ಹಿರಿಯರು ಒಬ್ಬ ಮನುಷ್ಯ ನಡೆಯುವಷ್ಟು ಅಗಲಕ್ಕೆ ಸುರಂಗ ಕೊರೆದದ್ದು. ಪಂಪ್ ಬೇಡ, ಕರೆಂಟ್ ಬೇಡ, ನೀರು ತಾನಾಗಿ ಬರುತ್ತದೆ. ಕಟ್ಟದ ಪಕ್ಕದಲ್ಲಿ ಅದೇ ಸುರಂಗ ಅಪಾಯದ ದಾರಿ. ಶೇಡಿ ಒದ್ದೆಯಾದರೆ ಬೇಗ ಕರಗಿ ಹೋಗುವ ಮಣ್ಣು. ಮೇಲಿನ ಮುರಕಲ್ಲು ಚಾವಣಿಯ ಹಾಗೆ ಗಟ್ಟಿಯಾಗಿ ನಿಂತಿರುತ್ತದೆ, ಅಡಿಯಲ್ಲಿ ಟೊಳ್ಳು ದೊಡ್ಡದಾಗುತ್ತಾ ಹೋಗುತ್ತದೆ, ಮೇಲಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಇಲ್ಲಿ ಮಾಲೀಕರು ಇನ್ನೊಂದು ಕೆಲಸ ಮಾಡಿಸಿದ್ದರು. ಬೋಟ್ ಹತ್ತುವ ಕಟ್ಟೆಗೆ ಬೇಕಾದ ಕಲ್ಲನ್ನು ಕೆರೆಯೊಳಗಿನ ಬಲ ದಡದಿಂದಲೇ ಕೊಯ್ಸಿದ್ದರು. ಮುರಕಲ್ಲಿನ ಪದರ ಹೋಯಿತು, ಶೇಡಿ ನೀರಿಗೆ ತೆರೆದುಕೊಂಡಿತು.

ಇಂಗ್ಲೆಂಡಿನ ಕಾನೂನಿನಲ್ಲಿ ಹೆಸರಾದ ಒಂದು ಮೊಕದ್ದಮೆ ಹೆಚ್ಚುಕಡಿಮೆ ಇದೇ ಕಥೆ. ರೈಲಂಡ್ಸ್ ಎಂಬ ಗಿರಣಿ ಮಾಲೀಕ ತನ್ನ ಜಾಗದಲ್ಲಿ ಕೆರೆ ಮಾಡಿಸಿದ. ಅಡಿಯಲ್ಲಿ ಹಳೆಯ ಗಣಿಯ ಬಿಟ್ಟುಹೋದ ಬಾವಿಗಳಿದ್ದವು. ನೀರು ಅವುಗಳ ಮೂಲಕ ನುಗ್ಗಿ ಫ್ಲೆಚರ್ ಎಂಬ ನೆರೆಯವನ ಕಲ್ಲಿದ್ದಲು ಗಣಿ ಮುಳುಗಿತು. ಮಾಲೀಕನಿಗೆ ಆ ಬಾವಿಗಳ ವಿಷಯ ಗೊತ್ತೇ ಇರಲಿಲ್ಲ. ಆದರೂ 1868ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್, ತಪ್ಪಿದ್ದರೂ ಇಲ್ಲದಿದ್ದರೂ ನಷ್ಟಕ್ಕೆ ಅವನೇ ಹೊಣೆ ಎಂದಿತು. ಈ ತತ್ವವನ್ನು ನಮ್ಮ ಕೋರ್ಟುಗಳೂ ಬಳಸಿವೆ. ಇನ್ನೊಂದು ಕಡೆ 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಇಂಥ ಕಟ್ಟವನ್ನು ಮುಟ್ಟುವುದಿಲ್ಲ. ಅದು 15 ಮೀಟರ್‌ಗಿಂತ ಎತ್ತರದವಕ್ಕೆ, ಮತ್ತೆ ಕೆಲವು ಷರತ್ತುಗಳೊಂದಿಗೆ 10ರಿಂದ 15 ಮೀಟರ್‌ನವಕ್ಕೆ. ಆ ಕಾಯ್ದೆಯ ಇನ್‌ಸ್ಪೆಕ್ಟರ್ ಇಲ್ಲಿಗೆ ಬರುವುದಿಲ್ಲ, ಆದರೆ ಒಡೆದರೆ ಹೊಣೆ ಪೂರ್ತಿ ನಿಮ್ಮದು ಎಂದು ಮಾಲೀಕರಿಗೆ ಹೇಳಿದೆ. ಲೆಕ್ಕಕ್ಕಿಂತ ಇದು ಅವರಿಗೆ ಬೇಗ ನಾಟಿತು ಎಂದು ನನ್ನ ಗುಮಾನಿ.

ನೀರು ನಿಜವಾಗಿ ಕೆರೆಯದ್ದೇ ಎಂದು ಖಚಿತ ಮಾಡಿಕೊಳ್ಳಬೇಕಿತ್ತು. ಗುಡ್ಡೆಯ ನೀರೂ ಆಗಬಹುದಲ್ಲ? ಇದಕ್ಕೆ ಯಂತ್ರ ಬೇಡ. ಒಂದು ಬಕೆಟ್, ಒಂದು ವಾಚು, ಕೆಲವು ಗಾಜಿನ ಬಾಟಲಿ ಸಾಕು. ನವೆಂಬರ್‌ನಲ್ಲಿ ಕೆರೆ ತುಂಬಿದ್ದಾಗ ಹರಿವು ನಿಮಿಷಕ್ಕೆ 30 ಲೀಟರ್. ಬಾಟಲಿಯಲ್ಲಿ ಹಿಡಿದು ಒಂದು ರಾತ್ರಿ ಇಟ್ಟರೆ ತಳದಲ್ಲಿ ಬಿಳಿಚು ಕೆಂಪಿನ ಗಸಿ ನಿಲ್ಲುತ್ತಿತ್ತು. ತಿಳಿನೀರು ಜಿನುಗಿದರೆ ಅಷ್ಟು ಹೆದರಬೇಕಾಗಿಲ್ಲ, ಎಲ್ಲ ಮಣ್ಣಿನ ಕಟ್ಟಗಳೂ ಸ್ವಲ್ಪ ಜಿನುಗುತ್ತವೆ. ಮಣ್ಣು ಹೊತ್ತು ತರುವ ನೀರು ಬೇರೆ ವಿಷಯ. ಹರಿವು ದಿನೇ ದಿನೇ ಹೆಚ್ಚಾಗುತ್ತಿದ್ದರೆ ಇನ್ನೂ ಬೇರೆ.

ಕ್ರಿಸ್ಮಸ್ ರಜೆಯ ಬುಕಿಂಗ್ ಇತ್ತು. ಅದು ಮುಗಿಯುವವರೆಗೆ ತಡೆಯಿರಿ ಎಂದರು. ಮಳೆ ಇಲ್ಲದ ಕಾಲ, ದಿನಾ ಅಳೆಯುವ ಷರತ್ತಿನ ಮೇಲೆ ಒಪ್ಪಿದೆ. ಜನವರಿಯಲ್ಲಿ ನೀರು ಇಳಿಸಲು ಶುರು. ತೂಬು ಕೆಲಸ ಮಾಡುವುದಿಲ್ಲವಾದ್ದರಿಂದ 110 ಮಿ.ಮೀ.ನ ಎರಡು ಪೈಪನ್ನು ಕಟ್ಟದ ಮೇಲಿನಿಂದ ಹಾಯಿಸಿ, ನೀರು ತುಂಬಿಸಿ ಸೈಫನ್ ಮಾಡಿದೆವು. ಎರಡೂ ಸೇರಿ ಗಂಟೆಗೆ ಒಂದೂವರೆ ಲಕ್ಷ ಲೀಟರ್ ಹತ್ತಿರ ಹೋಗುತ್ತದೆ. ಆದರೆ ದಿನಕ್ಕೆ ಒಂದಡಿಗಿಂತ ಜಾಸ್ತಿ ಇಳಿಸಲಿಲ್ಲ. ನೀರು ಕುಡಿದು ಭಾರವಾದ ಒಳಬದಿಯ ಮಣ್ಣಿಗೆ ಎದುರಿನ ನೀರಿನ ಆಸರೆ ಒಮ್ಮೆಲೇ ತಪ್ಪಿದರೆ ಅದು ಜರಿಯುತ್ತದೆ. ಗಾಬರಿಯಲ್ಲಿ ಕೆರೆ ಖಾಲಿ ಮಾಡಲು ಹೋಗಿ ಕಟ್ಟ ಹಾಳು ಮಾಡಿಕೊಂಡವರಿದ್ದಾರೆ.

ನೀರು 1.2 ಮೀಟರ್ ಇಳಿದ ದಿನ ಸುರಂಗದ ಹರಿವು ನಿಂತೇ ಹೋಯಿತು. ಉತ್ತರ ಸಿಕ್ಕಿತು. ಆ ಮಟ್ಟದಲ್ಲೇ, ಕಲ್ಲು ಕೊಯ್ದ ಜಾಗದಲ್ಲಿ, ಕೈ ಹೋಗುವಷ್ಟು ಅಗಲದ ಮೂರು ತೂತು.

ಮಾಲೀಕರ ಮೊದಲ ಯೋಚನೆ ಕೆಳಗಿನ ಸುರಂಗದ ಬಾಯಿಗೆ ಕಾಂಕ್ರೀಟ್ ಹಾಕಿ ಬಂದ್ ಮಾಡುವುದು. ಯಾರಿಗಾದರೂ ಹಾಗೇ ತೋಚುತ್ತದೆ. ಆದರೆ ಹೊರಗೆ ಬರುವ ಬಾಯಿ ಮುಚ್ಚಿದರೆ ಒಳಗೆ ಒತ್ತಡ ಏರಿ ನೀರು ಇನ್ನೊಂದು ಕಡೆ, ಬಹುಶಃ ಕಟ್ಟದ ಬುಡದಲ್ಲೇ, ದಾರಿ ಹುಡುಕುತ್ತದೆ. ಮುಚ್ಚಬೇಕಾದ್ದು ಒಳಗೆ ಹೋಗುವ ಬಾಯಿ. ಹೊರಬಾಯಿಯಲ್ಲಿ ನೀರು ಬರಲಿ, ಮಣ್ಣು ಬರಬಾರದು. ಅದಕ್ಕೆ ಮೊದಲು ಹೊಯಿಗೆ (ಮರಳು), ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ದೊಡ್ಡ ಜಲ್ಲಿ, ಕೊನೆಗೆ ಕಲ್ಲಿನ ಭಾರ. ಎಂ-ಸ್ಯಾಂಡ್ ಆದರೆ ತೊಳೆದದ್ದೇ ಬೇಕು, ನುಣ್ಣನೆ ಪುಡಿ ಇದ್ದರೆ ಸೋಸುವ ಬದಲು ಕಟ್ಟಿಕೊಳ್ಳುತ್ತದೆ. ನಡುವೆ ಒಂದು ಪೈಪು ಇಟ್ಟು ಹರಿವು ಅಳೆಯುವ ಹಾಗೆ ಮಾಡಿದೆವು. ಕೆರೆಯ ಒಳಗೆ ತೂತುಗಳನ್ನು ಅಗೆದು ಬಿಡಿಸಿ, ಅಂಟುಮಣ್ಣು ತುಂಬಿ ತುಳಿದು, ಇಡೀ ಕೊಯ್ದ ಜಾಗಕ್ಕೆ ಎರಡಡಿ ದಪ್ಪದ ಅಂಟುಮಣ್ಣಿನ ಹೊದಿಕೆ ಹಾಕಿಸಿದ್ದಾಯಿತು. ಅದರ ಮೇಲೆ ಮುರಕಲ್ಲಿನ ಚೂರು, ಅಲೆ ಬಡಿದು ಮಣ್ಣು ಕೊರೆಯದಂತೆ.

ಎಡಬದಿಯ ಗಟ್ಟಿ ಪಾರೆಯಲ್ಲಿ ಹೊಸ ಕೋಡಿ ಕಡಿಸಿದೆವು. ಅಗಲ 4 ಮೀಟರ್. ನೀರು ಅರ್ಧ ಮೀಟರ್ ದಪ್ಪಕ್ಕೆ ಹರಿದರೆ ಸೆಕೆಂಡಿಗೆ 2.4 ಘನ ಮೀಟರ್ ಬಿಡುತ್ತದೆ, ನಮಗೆ ಬೇಕಾದಷ್ಟು. ಪೈಪು ಇಲ್ಲ, ಬಲೆ ಇಲ್ಲ. ಹೋದ ಮೀನು ಹೋಗಲಿ. ಹೊಸ ಕೋಡಿಯ ಮಟ್ಟ ಹಳೆಯದಕ್ಕಿಂತ 60 ಸೆಂ.ಮೀ. ಕೆಳಗೆ. ಇದಕ್ಕೆ ಜಗಳವೇ ಆಯಿತೆನ್ನಬೇಕು. ಸಂಗ್ರಹದಲ್ಲಿ ಮೂರನೇ ಒಂದು ಪಾಲಿನಷ್ಟು ಹೋಗುತ್ತದೆ, ದಡದಲ್ಲಿ ಕೆಂಪು ಪಟ್ಟೆ ಕಾಣುತ್ತದೆ, ಬೋಟ್ ಹತ್ತಲು ಎರಡು ಮೆಟ್ಟಿಲು ಜಾಸ್ತಿ ಬೇಕು. ಎಲ್ಲ ನಿಜ. ಕೊನೆಗೆ ಒಪ್ಪಿದ್ದು ಅವರ ಹೆಂಡತಿ. "ಮೆಟ್ಟಿಲು ಕಟ್ಟಿಸಿದರಾಯಿತು" ಎಂದರು, ಮಾತು ಮುಗಿಯಿತು. ಕುಸಿದ ನಡುಭಾಗಕ್ಕೂ ಮೇಲೆ ಹಾಸಿದ್ದ ಇಂಟರ್‌ಲಾಕ್ ಇಟ್ಟಿಗೆ ಕಿತ್ತು ಮಣ್ಣು ಏರಿಸಿ ಮಟ್ಟ ಮಾಡಿಸಿದರು.

ಮರದ ವಿಷಯದಲ್ಲಿ ಪೂರ್ತಿ ಗೆದ್ದಿಲ್ಲ. ಕಟ್ಟದ ಹಿಂಬದಿಯಲ್ಲಿ ಅಕೇಶಿಯ ತಾನಾಗಿ ಬೆಳೆದಿತ್ತು. ಮರ ಮಣ್ಣು ಹಿಡಿಯುತ್ತದೆ ಎನ್ನುವುದು ಗುಡ್ಡೆಗೆ ಸರಿ, ಕಟ್ಟಕ್ಕಲ್ಲ. ಸತ್ತ ಬೇರು ಕೊಳೆತರೆ ಅದೇ ನೀರಿಗೆ ಪೈಪು. ಗಾಳಿಗೆ ಮರ ಬಿದ್ದರೆ ಬುಡದ ಮಣ್ಣನ್ನೂ ಎತ್ತಿಕೊಂಡು ಬೀಳುತ್ತದೆ. ಅಮೆರಿಕದ ಜಾರ್ಜಿಯಾದಲ್ಲಿ ಬೈಬಲ್ ಕಾಲೇಜೊಂದರ ಕೆಲ್ಲಿ ಬಾರ್ನ್ಸ್ ಕಟ್ಟ 1977ರ ನವೆಂಬರ್ 6ರಂದು ಒಡೆದು 39 ಜನ ಸತ್ತರು. 1957ರಲ್ಲಿ ವಿದ್ಯುತ್ ತಯಾರಿ ನಿಂತ ಮೇಲೆ ಅದೂ ಬರೀ ವಿಹಾರದ ಕೆರೆ. ಹಿಂಬದಿಯ ಕಡಿದಾದ ಇಳಿಜಾರಿನಲ್ಲಿ ಮರಗಳು ಬೆಳೆದಿದ್ದವು. ಇಲ್ಲಿ ಎಳೆಯ ಅಕೇಶಿಯಗಳನ್ನು ಬೇರು ಸಮೇತ ತೆಗೆದು, ಗುಂಡಿ ತುಂಬಿ ತುಳಿದು, ಲಾವಂಚ ಮತ್ತು ಹುಲ್ಲು ಹಾಕಿದ್ದಾರೆ. ಕಟ್ಟದ ಮೇಲಿನ ಎರಡು ಅಲಂಕಾರದ ಪಾಮ್ ಇನ್ನೂ ಇವೆ. ಫೋಟೋ ತೆಗೆಯುವ ಜಾಗವಂತೆ.

ಹುಲ್ಲು ಗಿಡ್ಡ ಇದ್ದರೆ ಬಿಲ ಕಾಣುತ್ತದೆ, ಅದೂ ಮುಖ್ಯ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಕಟ್ಟ 2019ರ ಜುಲೈಯಲ್ಲಿ ಒಡೆದು ಇಪ್ಪತ್ತರ ಆಸುಪಾಸು ಜನ ಸತ್ತಾಗ ಅಲ್ಲಿನ ಸಚಿವರೊಬ್ಬರು ಏಡಿಗಳ ಮೇಲೆ ಹೊರೆ ಹಾಕಿದರು. ಎಲ್ಲರೂ ನಕ್ಕರು. ಏಡಿ, ಹೆಗ್ಗಣ, ಮುಳ್ಳುಹಂದಿ ಕಟ್ಟ ಕೊರೆಯುವುದು ಸುಳ್ಳಲ್ಲ. ಆದರೆ ಅಲ್ಲಿ ಸೋರುತ್ತಿದೆ ಎಂದು ಊರವರು ಮೊದಲೇ ದೂರಿದ್ದರು. ಏಡಿ ಬಿಲ ತೋಡಿದ್ದು ಏಡಿಯ ತಪ್ಪಾಗುವುದು ಹೇಗೆ?

ಕೆಲಸ ಮುಗಿದ ಮೇಲಿನ ಮಳೆಗಾಲದಲ್ಲಿ, ಜುಲೈಯ ಒಂದು ರಾತ್ರಿ, ಹೊಸ ಕೋಡಿಯಲ್ಲಿ ನೀರು 20 ಸೆಂ.ಮೀ. ದಪ್ಪಕ್ಕೆ ಹರಿದ ಗುರುತು ಸಿಕ್ಕಿತು. ಅದೇ ಸೆಕೆಂಡಿಗೆ 0.6 ಘನ ಮೀಟರ್, ಹಳೆಯ ಎರಡು ಪೈಪು ಉಸಿರುಗಟ್ಟಿ ಬಿಡುತ್ತಿದ್ದಷ್ಟು. ಸುರಂಗದಲ್ಲಿ ಹರಿವು ನಿಮಿಷಕ್ಕೆ 9 ಲೀಟರ್. ಮಳೆಗಾಲದಲ್ಲಿ ಗುಡ್ಡೆಯ ನೀರೂ ಸೇರುವುದರಿಂದ ಲೀಟರ್ ನೋಡಿ ಸಮಾಧಾನಪಡುವ ಹಾಗಿಲ್ಲ. ಬಾಟಲಿಯ ತಳದಲ್ಲಿ ಗಸಿ ಇರಲಿಲ್ಲ ಎನ್ನುವುದೇ ಒಳ್ಳೆಯ ಸುದ್ದಿ.

ಈಗಿನ ವ್ಯವಸ್ಥೆ ಇಷ್ಟು. ಕಟ್ಟೆಯ ಮೆಟ್ಟಿಲಿನಲ್ಲಿ ಪೈಂಟಿನಲ್ಲಿ ಅಳತೆ ಬರೆದಿದ್ದಾರೆ. ಕೋಡಿಯ ಮೇಲೆ 30 ಸೆಂ.ಮೀ. ಹರಿದರೆ ಕೆಳಗಿನ ಮೂರು ಮನೆಗೆ ಫೋನ್, 50 ದಾಟಿದರೆ ಮನೆ ಬಿಟ್ಟು ಮೇಲಿನ ರಸ್ತೆಗೆ ಬರಬೇಕು. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟರೆ, ಅಂದರೆ ಒಂದು ದಿನದಲ್ಲಿ 204.5 ಮಿ.ಮೀ. ದಾಟುವ ಮಳೆಯ ಮುನ್ಸೂಚನೆ ಇದ್ದರೆ, ಆ ರಾತ್ರಿ ಒಬ್ಬರು ಎಚ್ಚರ ಇರುತ್ತಾರೆ, ಹೋಂಸ್ಟೇಗೆ ಬುಕಿಂಗ್ ಇಲ್ಲ. ಸೈಫನ್ ಪೈಪುಗಳು ಜಾಗದಲ್ಲೇ ಇವೆ. ಹೊಯಿಗೆ ಚೀಲಗಳು ಪಂಪ್ ಶೆಡ್ಡಿನಲ್ಲಿ.

ಹಳೆ ತೂಬಿನ ಪೈಪು ಇನ್ನೂ ಹಾಗೇ ಇದೆ. ಅದನ್ನು ಮುಟ್ಟಬೇಕೆಂದರೆ ಕೆರೆ ಪೂರ್ತಿ ಇಳಿಸಿ, ಕಟ್ಟವನ್ನು ಅಲ್ಲಿ ಕಡಿದು, ಪೈಪು ತೆಗೆದು, ಹೊಯಿಗೆಯ ಸೋಸುಪದರ ಕೊಟ್ಟು ಮತ್ತೆ ಕಟ್ಟಬೇಕು. ಖರ್ಚು ಕೇಳಿ ಮಾಲೀಕರು ಮುಂದಿನ ಬೇಸಿಗೆಗೆ ನೋಡೋಣ ಎಂದಿದ್ದಾರೆ. ಪೈಪಿನ ಸುತ್ತಿನ ಒದ್ದೆ ನೀರಾಗಿ ಹರಿಯಲು ಶುರುವಾದರೆ ಬೇಸಿಗೆ ಕಾಯಬೇಡಿ, ಮೊದಲು ಸೈಫನ್ ಬಿಡಿ, ಆಮೇಲೆ ನನಗೆ ಫೋನ್ ಮಾಡಿ ಎಂದು ಹೇಳಿ ಬಂದಿದ್ದೇನೆ.